ಬಾಗಿಲು ಕೇಳಿದ ಅಂಕಿ

ಆಸ್ಪತ್ರೆಯ ಬಾಗಿಲಿಗೆ ಅಂಕಿ ಮಾತ್ರ ತಿಳಿಯುತ್ತಿತ್ತು. ರೋಗಿ ಹೇಳಿದ್ದನ್ನೆಲ್ಲ ಅದು ಪೂರ್ಣಾಂಕ ಮಾಡಿಕೊಳ್ಳುತ್ತಿತ್ತು. ಏಳು ಅಥವಾ ಅದಕ್ಕಿಂತ ಹೆಚ್ಚಾದರೆ ತೆರೆದುಕೊಳ್ಳುತ್ತಿತ್ತು. ಇಲ್ಲದಿದ್ದರೆ ಹೊರಗಿನ ಬೆಂಚೇ ಗತಿ. ಊರಿಗೆಲ್ಲ ಇದು ರೂಢಿಯಾಗಿತ್ತು.

ದಾಕ್ಷಾಯಣಿ ತನ್ನ ತಾಯಿ ಫಕೀರವ್ವನನ್ನು ಆಟೋದಿಂದ ಇಳಿಸಿ ಬಾಗಿಲ ಮುಂದೆ ನಿಲ್ಲಿಸಿದಳು.

"ನೋವು ಎಷ್ಟು?" ಬಾಗಿಲು ಕೇಳಿತು.

"ಎದಿ ಮ್ಯಾಲ ಯಾರೋ ಕುಂತಂಗ ಆಗೈತಿ," ಎಂದಳು ಫಕೀರವ್ವ.

"ಸೊನ್ನೆ," ಎಂದಿತು ಬಾಗಿಲು.

"ಅವ್ವಾ, ಅಂಕಿ ಹೇಳಬೇಕು. ಒಂಬತ್ತು ಅನ್ನು," ಎಂದಳು ಮಗಳು.

"ಒಂಬತ್ತು ಅಂದ್ರ ನಿನ್ನ ಹಡದಾಗಿನ ನೋವು. ಸುಳ್ಳು ಯಾಕ ಹೇಳ್ಲಿ? ಇದು ಆರೂವರಿ."

"ಆರು," ಎಂದಿತು ಬಾಗಿಲು. ಅರ್ಧವನ್ನು ಅದು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಫಕೀರವ್ವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಮುದುಕಿ ಆಡಿದ ಮಾತು ಬದಲಿಸುವವಳಲ್ಲ. ದಾಕ್ಷಾಯಣಿಯ ಹಟವೂ ಅದಕ್ಕೆ ಕಡಿಮೆಯದಲ್ಲ. ಅವಳು ಮುಂದೆ ಬಂದು ತನ್ನ ಎದೆಯನ್ನೇ ಹಿಡಿದುಕೊಂಡು, "ಹತ್ತು!" ಎಂದು ಕೂಗಿದಳು.

ಬಾಗಿಲು ತೆರೆಯಿತು. ಅದು ಮುಚ್ಚದಂತೆ ಬೆನ್ನು ಕೊಟ್ಟು ನಿಂತು ತಾಯಿಯನ್ನು ಒಳಗೆ ಎಳೆದುಕೊಂಡಳು.

ಡಾಕ್ಟರು ಓಡಿ ಬಂದರು. "ಹತ್ತು ಯಾರಿಗ್ರೀ?"

"ನನಗ್ರೀ. ಮೊದಲ ನಮ್ಮವ್ವನ್ನ ನೋಡ್ರಿ."

ಗದರಲು ಬಾಯಿ ತೆರೆದ ಡಾಕ್ಟರು ಮುದುಕಿಯ ಮುಖ ನೋಡಿ ತಡೆದುಕೊಂಡರು. ನಾಡಿ ಹಿಡಿದವರೇ ಸ್ಟ್ರೆಚರಿಗಾಗಿ ಕೂಗಿದರು. "ಛಲೋ ಆತು, ಹೊರಗ ಕೂಡ್ಸಲಿಲ್ಲ," ಎಂದರು.

ಸ್ಟ್ರೆಚರಿನ ಮೇಲೆ ಮಲಗಿದ ಫಕೀರವ್ವ ಮಗಳ ಕೈ ಬಿಗಿಯಾಗಿ ಹಿಡಿದಳು. "ನಿನಗೂ ಎದಿ ನೋಯಾಕತ್ತೈತೇನ ಮಗಳ?" ಅವಳ ದನಿಯಲ್ಲಿ ಗಾಬರಿಯಿತ್ತು.

"ಈಗ ಕಡಿಮಿ ಆತವ್ವಾ," ಎಂದಳು ದಾಕ್ಷಾಯಣಿ.