ಮಳೆ ಹಿಡಿದ ಮೇಲೆ

"ಇದು ಬದುಕುತ್ತೆ ತಾನೆ?" ಎಂದು ಆ ತಾಯಿ ಸಸಿಯನ್ನು ಗುಂಡಿಗೆ ಇಳಿಸುವ ಮುನ್ನ ತಲೆಯೆತ್ತಿ ಕೇಳಿದಾಗ, ಶಾಲೆಯ ಮಾಲಿ ಗುಂಡಿಯತ್ತ ಬಗ್ಗಿದ. ಹೋದ ವರ್ಷ ಇದೇ ದಿನ ತೀರಿಕೊಂಡ ಟೀಚರಮ್ಮನ ತಾಯಿ ಆಕೆ. ಮಗಳು ಪಾಠ ಹೇಳುತ್ತಿದ್ದ ಕೋಣೆಯ ಕಿಟಕಿಯೆದುರು ಅವಳ ಹೆಸರಲ್ಲೊಂದು ಮರವಿರಲಿ ಎಂದು ಬಂದಿದ್ದರು. ಸುತ್ತ ಮಕ್ಕಳು ನಿಂತಿದ್ದರು.

ಹೆಡ್ಮಾಸ್ಟರು ಬೆಳಿಗ್ಗೆಯೇ ಮಾಲಿಯನ್ನು ಎಚ್ಚರಿಸಿದ್ದರು: "ಏನು ಕೇಳಿದ್ರೂ ಹೂಂ ಅನ್ನು. ನಿನ್ನ ಬುದ್ಧಿವಂತಿಕೆ ಇವತ್ತು ಬೇಡ." ಈಗ ಅವರು ತಾಯಿಯ ಬೆನ್ನ ಹಿಂದೆ ನಿಂತು ಕಣ್ಣಲ್ಲೇ ಗದರುತ್ತಿದ್ದರು. ಮಾಲಿ ಗುಂಡಿಯ ಮಣ್ಣನ್ನು ಒಂದು ಹಿಡಿ ಎತ್ತಿ ಹಿಸುಕಿದ. ಅದು ಉಂಡೆಯಾಗದೆ ಬೂದಿಯಂತೆ ಬೆರಳ ಸಂದಿಯಿಂದ ಸೋರಿಹೋಯಿತು.

"ಇಲ್ಲಮ್ಮ," ಎಂದ. "ಈ ಬಿಸಿಲಲ್ಲಿ ಎಷ್ಟು ನೀರು ಹುಯ್ದರೂ ಬೇರು ಬಿಡಲ್ಲ. ಎರಡು ತಿಂಗಳು ನೆರಳಲ್ಲಿಟ್ಟು ನಾನು ಸಾಕ್ತೀನಿ. ಎರಡು ಒಳ್ಳೆ ಮಳೆ ಬಿದ್ದು ನೆಲ ತಣ್ಣಗಾದ ಮೇಲೆ ನೆಡೋಣ."

"ಏಯ್!" ಎಂದರು ಹೆಡ್ಮಾಸ್ಟರು.

ತಾಯಿ ಅವರತ್ತ ತಿರುಗದೆಯೇ ಕೈಯೆತ್ತಿ ತಡೆದರು. "ಆಸ್ಪತ್ರೇಲಿ ಎಲ್ಲರೂ ಕೊನೇ ದಿನದವರೆಗೂ 'ಬದುಕ್ತಾಳೆ' ಅಂತಲೇ ಅಂದ್ರು ಕಣಪ್ಪ. ಅವಳಿಗೆ ಒಂದು ಮಾತು ಹೇಳೋದಿತ್ತು. ನಾಳೆ ಹೇಳಿದ್ರಾಯ್ತು ಅಂತ ಸುಮ್ಮನಿದ್ದುಬಿಟ್ಟೆ." ಸಸಿಯನ್ನು ಎರಡೂ ಕೈಯಲ್ಲಿ ಎತ್ತಿ ಮಾಲಿಗೆ ಕೊಟ್ಟರು. "ಎರಡನೇ ಮಳೆ ಬಿದ್ದ ಮಾರನೇ ದಿನ ನನಗೆ ಹೇಳಿ ಕಳಿಸು."