ಕೊನೆಯ ಅಕ್ಷರ

ಏಣಿಯ ತುದಿಯಲ್ಲಿ ನಿಂತ ಮಗಳು ಕುಂಚ ಹಿಡಿದು ಖಾಲಿ ಬೋರ್ಡನ್ನೇ ನೋಡುತ್ತಿದ್ದಳು. ಗಿರಾಕಿಯ ಹೊಸ ಅಂಗಡಿ ನಾಳೆಯೇ ತೆರೆಯಬೇಕು. ಬೋರ್ಡ್ ಬರೆಯುವ ಅಪ್ಪನ ಬಲಗೈ ಮುರಿದು ಪ್ಲಾಸ್ಟರಿನಲ್ಲಿತ್ತು.

"ಅಪ್ಪಾ, ನನ್ನ ಕೈಲಾಗಲ್ಲ."

"ಇಡೀ ಬೋರ್ಡ್ ಯಾಕೆ ನೋಡ್ತೀಯ ಮಗಳೇ? ಕುಂಚದ ತುದಿ ನೋಡು. ಒಂದು ಗೆರೆ ಎಳಿ, ಸಾಕು."

ಅವಳು ಒಂದು ಗೆರೆ ಎಳೆದಳು. ಅದರ ಬೆನ್ನಿಗೇ ಇನ್ನೊಂದು ಬಂತು. ಬೀದಿಯ ಹಾರ್ನು, ಎತ್ತರದ ಭಯ, ಕಾಲುನೋವು ಎಲ್ಲ ಎತ್ತಲೋ ಸರಿದವು. ಉಸಿರಾಡಿದಷ್ಟು ಸಲೀಸಾಗಿ ಬಣ್ಣ ಹರಿಯಿತು.

ಇಳಿದಾಗ ಬಿಸಿಲು ಬಾಡಿತ್ತು. ಅಪ್ಪ ಬೋರ್ಡಿನಿಂದ ಕಣ್ಣು ಕೀಳದೆ ನಿಂತಿದ್ದ.

"ಊಟಕ್ಕೆ ಮೂರು ಸಲ ಕೂಗಿದೆ."

"ಹೌದಾ? ಕೇಳಿಸಲೇ ಇಲ್ಲ."

"ಕೊನೇ ಅಕ್ಷರಕ್ಕೆ ಅಂಥ ಸುಳಿ ಮೂವತ್ತು ವರ್ಷದಲ್ಲಿ ನನಗೆ ಒಂದು ಸಲಾನೂ ಬಂದಿಲ್ಲ. ಹೇಗೆ ಎಳೆದೆ?"

ಅವಳು ತಲೆಯೆತ್ತಿದಳು. ತಾನೂ ಅದನ್ನು ಮೊದಲ ಸಲ ನೋಡುತ್ತಿದ್ದಳು.

"ಗೊತ್ತಿಲ್ಲಪ್ಪ."