ಊರಿಗೆಲ್ಲ ಗೊತ್ತಿರುವ ಅಪ್ಪ

“ಅಪ್ಪ ಯಾರು ಅಂತ ಊರಿಗೇ ಗೊತ್ತಿದೆ. ಗೊತ್ತಿರೋ ಅಪ್ಪನ್ನ ಗೊತ್ತಿಲ್ಲ ಅಂತ ನಾನು ಹೆಂಗಯ್ಯಾ ಬರೀಲಿ?” ವಾರ್ಡ್ ಕಚೇರಿಯ ಕಾರ್ಯದರ್ಶಿ ಘಿಮಿರೆ ಅರ್ಜಿಯನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದ. ಸುಜನನ ಪೌರತ್ವಪತ್ರದ ಅರ್ಜಿ ತಿರಸ್ಕಾರವಾದದ್ದು ಇದು ಎರಡನೇ ಸಲ.

ಮೊದಲ ಸಲ, ಅಪ್ಪನೇ ಬಂದು ‘ಇವನು ನನ್ನ ಮಗ’ ಅನ್ನಬೇಕು ಎಂದಿದ್ದರು. ಅಪ್ಪ ಟೇಕ್ ಬಹಾದುರ್ ಎಲ್ಲೂ ಓಡಿಹೋಗಿಲ್ಲ. ಇದೇ ಬೀದಿಯ ಕೊನೆಯಲ್ಲಿ ಸಿಮೆಂಟು, ಕಬ್ಬಿಣ ಮಾರಿಕೊಂಡು ಎರಡನೇ ಹೆಂಡತಿಯ ಜೊತೆ ಕೊಬ್ಬಿ ಕೂತಿದ್ದಾನೆ. ಮಗ ಅಂತ ಒಪ್ಪಿದರೆ ಆಸ್ತಿಯಲ್ಲಿ ಪಾಲು ಕೊಡಬೇಕು. ಬರಲಿಲ್ಲ. ಅದಕ್ಕೇ ಈ ಸಲ ತಾಯಿ ಧನಮಾಯಾ ಹಲ್ಲು ಕಚ್ಚಿಕೊಂಡು, ‘ಮಗನ ಅಪ್ಪ ಯಾರೆಂದು ಗೊತ್ತಿಲ್ಲ’ ಎಂದು ಬರೆಸಿ ಹೆಬ್ಬೆಟ್ಟು ಒತ್ತಿದ್ದಳು. ಹಾಗೆ ಬರೆದುಕೊಟ್ಟರೆ ತಾಯಿಯ ಹೆಸರಲ್ಲೇ ಪೌರತ್ವ ಸಿಗುತ್ತದೆ. ನೆರೆಹೊರೆಯವರು ಬಂದು ಹೌದು ಅನ್ನಬೇಕು, ಅಷ್ಟೆ.

ನೆರೆಹೊರೆಯವರು ಬಂದರು. ಒಳ್ಳೆಯ ಬಟ್ಟೆ ಉಟ್ಟುಕೊಂಡೇ ಬಂದರು. ಬಂದವರು, “ನಮ್ಮ ಧನಮಾಯಾ ಅಂಥ ಹೆಂಗಸಲ್ಲ, ಹುಡುಗ ಟೇಕ್ ಬಹಾದುರನ ಮಗನೇ, ಬೇಕಾದ್ರೆ ಪಶುಪತಿನಾಥನ ಆಣೆ” ಎಂದು ಒಬ್ಬರಿಗಿಂತ ಒಬ್ಬರು ಜೋರಾಗಿ ಸಾಕ್ಷಿ ನುಡಿದು, ಅವಳ ಬೆನ್ನು ಸವರಿ ಹೋದರು.

“ಹಂಗಾದ್ರೆ ಅವನನ್ನೇ ಕರೆಸಿ,” ಸುಜನ್ ಮೇಜು ಗುದ್ದಿದ. “ಅಪ್ಪ ಅಂತ ಊರೇ ಹೇಳ್ತಿದೆಯಲ್ಲ.”

“ಊರು ಹೇಳಿದ್ರೆ ಆಗಲ್ಲಪ್ಪ. ಅಪ್ಪ ಹೇಳ್ಬೇಕು.”

“ಗೊತ್ತಿಲ್ಲ ಅನ್ನೋಕೆ ಊರಿನ ಮಾತು ಬೇಕು, ಗೊತ್ತು ಅನ್ನೋಕೆ ಬೇಡ್ವಾ? ನಾನೇನು ಮುಗಿಲಿಂದ ಉದುರಿದ್ನಾ?”

“ಕೋರ್ಟಿಗೆ ಹೋಗು.” ಘಿಮಿರೆ ಚಹಾಕ್ಕೆ ಕೂಗಿದ, ತನಗೊಬ್ಬನಿಗೆ.

ಸುಜನ್ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ನಾರಾಯಣಘಾಟಿನ ಬಸ್ಸಿನ ಬಾಗಿಲಲ್ಲಿ ಕ್ಲೀನರಾಗಿ ನೇತಾಡಿಕೊಂಡೇ ಬೆಳೆದವನು. ಮುದಿ ಡ್ರೈವರ್ ಈ ತಿಂಗಳು ಕೆಲಸ ಬಿಡುತ್ತಾನೆ. ಲೈಸೆನ್ಸ್ ತಂದರೆ ಬಸ್ಸು ನಿನ್ನ ಕೈಗೆ ಎಂದು ಮಾಲೀಕ ಹೇಳಿದ್ದಾನೆ. ಪೌರತ್ವ ಇಲ್ಲದವನಿಗೆ ಲೈಸೆನ್ಸ್ ಇರಲಿ, ತನ್ನ ಹೆಸರಲ್ಲಿ ಮೊಬೈಲ್ ಸಿಮ್ಮೂ ಇಲ್ಲ.

ಧನಮಾಯಾ ಕಚೇರಿಯಿಂದ ಸೀದಾ ಪಕ್ಕದ ಮನೆಗೆ ಹೋದಳು. ಸುಜನ್ ಹಿಂದೆಯೇ ಹೋದ. ಅಂಗಳದಲ್ಲಿ ಪವಿತ್ರಾ ಮಗಳ ಮದುವೆಗೆಂದು ಅಕ್ಕಿ ಆರಿಸುತ್ತಿದ್ದಳು.

“ಪೌರತ್ವ ಸಿಕ್ತಾ? ಸಾಕ್ಷಿಗೆ ಮೊದಲು ಬಾಯಿ ಬಿಟ್ಟಿದ್ದೇ ನಾನು. ನಿನ್ನ ಬೈತಲೆ ಕುಂಕುಮಕ್ಕೆ ಮಸಿ ಬಳಿಯೋಕೆ ಬಿಡ್ತೀವೇನೇ ನಾವು?”

ಧನಮಾಯಾ ಎದುರಿಗೆ ಕುಕ್ಕರಗಾಲಲ್ಲಿ ಕೂತು ತಾನೂ ಅಕ್ಕಿಗೆ ಕೈ ಹಾಕಿದಳು. “ದಿದಿ, ನಾಳೆ ಇನ್ನೊಂದ್ಸಲ ಬನ್ನಿ. ಇವತ್ತು ಹೇಳಿದ್ದು ನಾಚಿಕೆಗೆ ಹೇಳಿದ ಸುಳ್ಳು ಅನ್ನಿ. ಧನಮಾಯಾ ಮನೆಗೆ ಯಾರ್ಯಾರೋ ಬರ್ತಿದ್ರು, ಹುಡುಗ ಯಾರಿಗೆ ಹುಟ್ಟಿದ್ದೋ ಗೊತ್ತಿಲ್ಲ ಅನ್ನಿ. ನೀವು ಹೇಳಿದ್ರೆ ಉಳಿದವ್ರೂ ಹೇಳ್ತಾರೆ.”

“ಆಮಾ, ಏಳು, ಮನೆಗೆ ನಡಿ,” ಎಂದ ಸುಜನ್. “ನಂಗೆ ಬಸ್ಸೂ ಬೇಡ, ಏನೂ ಬೇಡ.”

“ನೀನು ಸುಮ್ನಿರು.”

ಪವಿತ್ರಾಳ ಕೈ ಮೊರದಲ್ಲೇ ನಿಂತಿತು.

“ಹೇಳ್ಬಹುದು ಕಣೇ. ನಿನಗೋಸ್ಕರ ಹೇಳ್ತೀನಿ. ಆದ್ರೆ ಒಂದ್ಸಲ ಹೇಳಿದ್ಮೇಲೆ ಬೀಗರ ಕಿವಿಗೂ ಬೀಳುತ್ತೆ. ಆಮೇಲೆ ಮದುವೇಲಿ ನೀನು ಈ ಅಂಗಳಕ್ಕೆ ಕಾಲಿಡೋ ಹಂಗಿಲ್ಲ. ನಾನಾಗಿ ನಿನ್ನ ಕರೆಯೋ ಹಂಗೂ ಇಲ್ಲ. ಹುಟ್ಟಿದಾಗಿಂದ ನೀನೇ ಎಣ್ಣೆ ತಿಕ್ಕಿ ಸಾಕಿದ ಹುಡುಗಿ ಅದು.”

ಧನಮಾಯಾ ಅಕ್ಕಿಯಿಂದ ಕಲ್ಲೊಂದನ್ನು ಹೆಕ್ಕಿ ಆಚೆ ಎಸೆದಳು.

“ಕರೀಬೇಡಿ ದಿದಿ,” ಎಂದಳು. “ಕಚೇರಿ ಹತ್ತಕ್ಕೆ ತೆಗೀತಾರೆ.”